ನೆತ್ತಿಯ ಮೇಲಿನ ತಂತಿ

ಸಾಗರದ ಹತ್ತಿರ ನಮ್ಮ ತೋಟದ ಮೇಲಿನ ಗುಡ್ಡದಲ್ಲಿ ಶರಾವತಿಯ ಕರೆಂಟ್ ಒಯ್ಯುವ ದೊಡ್ಡ ಲೈನ್ ಹೋಗಿದೆ. ಮಳೆಗಾಲದಲ್ಲಿ ಅದರ ಕೆಳಗೆ ನಿಂತರೆ ಗುಂಯ್ ಎಂದು ಸದ್ದು ಬರುತ್ತದೆ. ಆ ಸದ್ದು ಕೇಳುತ್ತಲೇ ಅಜ್ಜಿ ಚಿಮಣಿ ಬುಡ್ಡಿ ಬೆಳಕಲ್ಲಿ ಅಡಿಕೆ ಸುಲಿಯುತ್ತಿದ್ದಳು. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಮುಗಿದಾಗ ಅವಳ ಮನೆ, ಗದ್ದೆ ಎರಡೂ ಹಿನ್ನೀರಿಗೆ ಹೋಗಿದ್ದವು. ಈ ಮನೆಗೆ ಕರೆಂಟ್ ಬಂದದ್ದು ನಾನು ಏಳನೇ ಕ್ಲಾಸಿನಲ್ಲಿದ್ದಾಗ. "ನಮ್ ಗದ್ದೆ ಮುಳುಗಿ ಬಂದ ಬೆಳಕು ಇದು, ಪುಟ್ಟಿ" ಎಂದು ಅವಳು ಬಲ್ಬನ್ನೇ ನೋಡುತ್ತಾ ಕೂತಿದ್ದಳು.

ಹಸಿರು ಹೈಡ್ರೋಜನ್ ಸುದ್ದಿ ಓದುವಾಗೆಲ್ಲ ನನಗೆ ಆ ರಾತ್ರಿ ನೆನಪಾಗುತ್ತದೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಇದಕ್ಕೆ 19,744 ಕೋಟಿ ರೂಪಾಯಿ ಇಟ್ಟಿತು. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ತಯಾರಿಸುವ ಗುರಿ. ಬಿಸಿಲು, ಗಾಳಿಯ ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯುತ್ತಾರೆ. ಒಂದು ಕೆಜಿಗೆ ಸುಮಾರು 50 ಯೂನಿಟ್ ಬೇಕು. ನಮ್ಮ ಮನೆಯ ಒಂದು ತಿಂಗಳ ಕರೆಂಟ್ ಅದು! ಆ ಒಂದು ಕೆಜಿಯಿಂದ ಮತ್ತೆ ಕರೆಂಟ್ ಮಾಡಿದರೆ 20 ಯೂನಿಟ್ ಸಿಗುವುದೂ ಕಷ್ಟ. ಹಾಗಾಗಿ ಮನೆ ದೀಪಕ್ಕೆ ಇದು ದಾರಿಯಲ್ಲ. ಗೊಬ್ಬರಕ್ಕೆ, ಉಕ್ಕಿಗೆ ಖಂಡಿತ ಬೇಕು. ಯೂರಿಯಾ ಗೊಬ್ಬರಕ್ಕೆ ಬೇಕಾದ ಅಮೋನಿಯಾ ಮಾಡಲು ಈಗ ನ್ಯಾಚುರಲ್ ಗ್ಯಾಸ್ ಬಳಸುತ್ತಿದ್ದೇವೆ, ಅದು ನಿಂತರೆ ನನಗೆ ನಿಜಕ್ಕೂ ಖುಷಿ.

ನನ್ನ ಭಯ ಬೇರೆ. ಕಾಂಗೋ ದೇಶದಲ್ಲಿ ಇಂಗಾ ಎಂಬಲ್ಲಿ ಎರಡು ಡ್ಯಾಂ ಇವೆ. ಅಲ್ಲಿಂದ ಸುಮಾರು 1,700 ಕಿಲೋಮೀಟರ್ ದೂರದ ತಾಮ್ರದ ಗಣಿಗಳಿಗೆ ಲೈನ್ ಎಳೆದರು. ತಂತಿಯ ಕೆಳಗಿನ ಹಳ್ಳಿಗಳು ಕತ್ತಲಲ್ಲೇ ಉಳಿದವು. ಓದಿದಾಗ ನಮ್ಮೂರ ಕಥೆಯೇ ಅನ್ನಿಸಿತು. 2021ರ ಸುಮಾರಿಗೆ ಅದೇ ಇಂಗಾದಲ್ಲಿ ಹೈಡ್ರೋಜನ್ ಮಾಡಿ ಹೊರದೇಶಕ್ಕೆ ಕಳಿಸುವ ಮಾತು ಎದ್ದಿತ್ತು. ಆ ದೇಶದ ಮುಕ್ಕಾಲು ಪಾಲು ಜನರಿಗೆ ಇನ್ನೂ ಕರೆಂಟ್ ಇಲ್ಲ.

ಹೈಡ್ರೋಜನ್‌ಗೆ ಅಂತ ಸೋಲಾರ್ ಪಾರ್ಕ್ ಕಟ್ಟುವಾಗ ಸುತ್ತಲಿನ ಹಳ್ಳಿಗಳ ಲೈನನ್ನೂ ಅದೇ ಯೋಜನೆಯಲ್ಲಿ, ಅದೇ ದುಡ್ಡಲ್ಲಿ ಸೇರಿಸಬೇಕು. ಆಮೇಲೆ ನೋಡೋಣ ಅಂದರೆ ಒಂದು ತಲೆಮಾರು ಕಳೆದುಹೋಗುತ್ತದೆ. ನಮ್ಮಲ್ಲಿ ಹೋಯಿತಲ್ಲ.

ಕಳೆದ ಆಷಾಢದ ಗಾಳಿಗೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ. ಮೇಲಿನ ಮನೆ ಮಾವ ಹಳ್ಳಕ್ಕೆ ಪೈಪ್ ಹಾಕಿ ಸಣ್ಣ ಟರ್ಬೈನ್ ಕೂರಿಸಿಕೊಂಡಿದ್ದಾರೆ. ಅಷ್ಟೂ ದಿನ ಅವರ ಜಗಲಿಯಲ್ಲಿ ದೀಪ ಇತ್ತು. ಕೇರಿಯ ಮಕ್ಕಳೆಲ್ಲ ಪುಸ್ತಕ ಹಿಡಿದು ಅಲ್ಲಿಗೇ ಹೋಗುತ್ತಿದ್ದರು. ಗುಡ್ಡದ ಮೇಲಿನ ದೊಡ್ಡ ಲೈನ್ ಮಾತ್ರ ಗುಂಯ್ ಎನ್ನುತ್ತಲೇ ಇತ್ತು.