ಬಸ್ಸಿಗೆ ಸೊನ್ನೆ

ಮಡಿಕೇರಿಯಲ್ಲಿ ಇವತ್ತು ಸಂಜೆ ಮಳೆ ಬಿಡಲೇ ಇಲ್ಲ. ಪಕ್ಕದ ಮನೆ ಹುಡುಗಿ ಒಂದು ಚೀಟಿ ಹಿಡಿದು ಬಂದಳು. ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯವರ ಬೆಂಗಳೂರಿನ ಸಮ್ಮೇಳನಕ್ಕೆ ಹೋಗುವ ಲೆಕ್ಕ.

ಬಸ್ಸಿಗೆ ಸೊನ್ನೆ. ಶಕ್ತಿ ಯೋಜನೆ ಇದೆಯಲ್ಲ, ಕೆಂಪು ಬಸ್ ಹತ್ತಿದರಾಯ್ತು. ಸಮ್ಮೇಳನದ ಸ್ಟೂಡೆಂಟ್ ಟಿಕೆಟ್‌ಗೆ ಕೂಡಿಟ್ಟ ದುಡ್ಡು. ಎರಡು ರಾತ್ರಿ ರೂಮಿಗೆ ಅನ್ನುವ ಕಡೆ ಪೆನ್ಸಿಲ್‌ನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು ಪೇಪರ್ ತೂತಾಗಿತ್ತು.

"ಅಕ್ಕ, ಒಂದೇ ದಿನ ಹೋಗಿ ರಾತ್ರಿ ಬಸ್ಸಿಗೆ ವಾಪಸ್ ಬಂದ್ರೆ?" ಅಂದಳು.

ಆ ತೂತು ಇನ್ನೂ ಕಣ್ಣ ಮುಂದಿದೆ. ಸಮ್ಮೇಳನದ ಕೆಲಸ ಮಾಡುವ ನಾವು ವಾಲಂಟಿಯರ್‌ಗಳು ಟಿಕೆಟ್ ದರದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ರೂಮಿನ ಮಾತೇ ಬರುವುದಿಲ್ಲ.

ಅಮೆರಿಕದ ಪೈಕಾನ್‌ನಲ್ಲಿ, ಅಂದರೆ ಅಲ್ಲಿನ ಪೈಥಾನ್ ಸಮ್ಮೇಳನದಲ್ಲಿ, ಭಾಷಣ ಮಾಡುವವರೂ, ನಡೆಸುವವರೂ ಟಿಕೆಟ್ ಕೊಂಡೇ ಬರುತ್ತಾರೆ. ಕೈಯಲ್ಲಿ ದುಡ್ಡಿಲ್ಲದವರಿಗೆ ಪ್ರಯಾಣದ ನೆರವೂ ಇದೆ. ನನಗೆ ಆ ಕ್ರಮ ತುಂಬಾ ಇಷ್ಟ.

ನಮ್ಮ ಸಮ್ಮೇಳನಕ್ಕೆ ದೊಡ್ಡ ಹೋಟೆಲ್ ಹಾಲ್ ಯಾಕೆ ಬೇಕು? 2009ರಲ್ಲಿ ಮೊದಲ ಪೈಕಾನ್ ಇಂಡಿಯಾ ನಡೆದದ್ದು ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿ ಕ್ಯಾಂಪಸ್ಸಿನಲ್ಲಿ ಅಲ್ವಾ. ಟೀ ಶರ್ಟ್ ಬಿಟ್ಟರೂ ನಡೆಯುತ್ತೆ. ಆ ದುಡ್ಡಲ್ಲಿ ದೂರದ ಮಕ್ಕಳಿಗೆ ಮಲಗಲು ಜಾಗ ಆಗಲಿ.

ಬೆಂಗಳೂರಿನ ಗೆಳತಿಯರೇ, ಎರಡು ರಾತ್ರಿಗೆ ಒಂದು ಹಾಸಿಗೆ ಯಾರ ಮನೇಲಾದ್ರೂ ಸಿಗುತ್ತಾ? ಅವಳ ಕೈಯಲ್ಲಿ ನಮ್ಮ ತೋಟದ ಕಾಫಿಪುಡಿ ಕಳಿಸುತ್ತೇನೆ.