ಗೊರಕೆ ಪರೀಕ್ಷೆಗೆ ಬಂದವರ ಇನ್ನೊಂದು ಪ್ರಶ್ನೆ

14 ನವೆಂಬರ್ 2025, ಶುಕ್ರವಾರ

ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಮನೆಗೆ ಬಂದೆ. ಸ್ಲೀಪ್ ಲ್ಯಾಬಿನ ಟೆಕ್ನಿಷಿಯನ್‌ಗೆ ನಿದ್ದೆ ಹಗಲಲ್ಲೇ.

ನಿನ್ನೆ ಬಂದವರಿಗೆ ನಲವತ್ತು ದಾಟಿದೆ. ಗೊರಕೆ ತಾಳಲಾರದೆ ಹೆಂಡತಿಯೇ ಕಳಿಸಿದ್ದು. ತಲೆಗೆ ವೈರು, ಎದೆಗೂ ಹೊಟ್ಟೆಗೂ ಬೆಲ್ಟು, ಮೂಗಿಗೆ ಕೊಳವೆ, ಬೆರಳಿಗೆ ಆಕ್ಸಿಜನ್ ಕ್ಲಿಪ್ಪು ಹಾಕಿ ಮಲಗಿಸಿದೆ. ನಿದ್ದೆ ಹತ್ತಿದ್ದೇ ತಡ, ಉಸಿರು ಕಟ್ಟತೊಡಗಿತು. ಹತ್ತು ಸೆಕೆಂಡಾದರೂ ನಿಂತರೆ ಒಂದು ಗುರುತು ಹಾಕುತ್ತೇವೆ. ಗಂಟೆಗೆ ಇಂಥವು 5ರೊಳಗಿದ್ದರೆ ಚಿಂತೆಯಿಲ್ಲ, 30 ದಾಟಿದರೆ ತೀವ್ರ. ಇವರದು ದಾಟಿತ್ತು.

ಬೆಳಿಗ್ಗೆ ತಲೆಗೆ ಮೆತ್ತಿದ್ದ ಪೇಸ್ಟ್ ಒರೆಸುವಾಗ ಮೆಲ್ಲಗೆ ಕೇಳಿದರು, "ಸಾರ್, ಅದಕ್ಕೂ ಇದಕ್ಕೂ ಸಂಬಂಧ ಇರುತ್ತಾ?"

ಅದು ಅಂದರೆ ಯಾವುದು ಎಂದು ನಾನು ಕೇಳಲಿಲ್ಲ, ನಿಮಿರುವಿಕೆಯ ತೊಂದರೆ ಎಂದು ಗೊತ್ತಾಯಿತು. ಡಾಕ್ಟರ ಎದುರು ಬಾಯಿ ಬಿಡದ ಗಂಡಸರು ವೈರು ಬಿಚ್ಚುವವನ ಹತ್ತಿರ ಕೇಳುತ್ತಾರೆ.

ಇರುತ್ತೆ ಅಂದೆ. ಕನಸು ಬೀಳುವ ನಿದ್ದೆಯಲ್ಲಿ ಆರೋಗ್ಯವಂತ ಗಂಡಸಿಗೆ ತಾನಾಗಿಯೇ ನಿಮಿರುತ್ತದೆ, ರಾತ್ರಿ ಹಲವು ಸಲ. ಗಂಟಲಿನ ಸ್ನಾಯು ತೀರಾ ಸಡಿಲವಾಗುವುದೂ ಅದೇ ನಿದ್ದೆಯಲ್ಲಿ. ಉಸಿರು ಕಟ್ಟಿ ಆಕ್ಸಿಜನ್ ಇಳಿಯುತ್ತದೆ, ಮೈ ಬೆಚ್ಚಿ ಎಚ್ಚರಾಗುತ್ತದೆ, ನಿದ್ದೆ ಚೂರುಚೂರು. ಹೀಗೆ ದಿನಾ ಆದರೆ ರಕ್ತನಾಳದ ಒಳಪದರ ಹಾಳಾಗುತ್ತದೆ. ನಾಳ ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ. ಅದಿಲ್ಲದೆ ಅಲ್ಲಿಗೆ ರಕ್ತ ತುಂಬುವುದಿಲ್ಲ. ಗಂಡಸಿನ ಹಾರ್ಮೋನು ಟೆಸ್ಟೋಸ್ಟೆರಾನ್ ಕೂಡ ನಿದ್ದೆಯಲ್ಲೇ ಏರುವಂಥದ್ದು, ಬೆಳಗಿನ ಹೊತ್ತು ಜಾಸ್ತಿ ಇರುತ್ತದೆ. ಅದಕ್ಕೇ ಆ ರಕ್ತಪರೀಕ್ಷೆ ಬೆಳಿಗ್ಗೆ ಮಾಡುವುದು.

ಇವರು ಆಗಲೇ ಆನ್‌ಲೈನಲ್ಲಿ ಯಾವುದೋ ಪುಡಿ ತರಿಸಿ ತಿಂದಿದ್ದಾರೆ. ಜಿಮ್ಮಿನ ಗೆಳೆಯನೊಬ್ಬ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೋ ಎಂದಿದ್ದಾನಂತೆ. ನನಗೆ ರೇಗಿದ್ದು ಇಲ್ಲೇ. ತೀವ್ರ ಆಪ್ನಿಯಾಕ್ಕೆ, ಅಂದರೆ ನಿದ್ದೆಯಲ್ಲಿ ಹೀಗೆ ಉಸಿರು ಕಟ್ಟುವ ಕಾಯಿಲೆಗೆ, ಚಿಕಿತ್ಸೆಯಿಲ್ಲದೆ ಆ ಇಂಜೆಕ್ಷನ್ ಚುಚ್ಚಿಸಿಕೊಂಡರೆ ಉಸಿರು ಕಟ್ಟುವುದು ಇನ್ನೂ ಹೆಚ್ಚಬಹುದು. ಪುಡಿಯಲ್ಲಿ ಏನು ಬೆರೆಸಿರುತ್ತಾರೋ ದೇವರೇ ಬಲ್ಲ.

ಸಿಪ್ಯಾಪ್ ಮಾಸ್ಕ್ ತೋರಿಸಿದೆ. ಗಾಳಿಯ ಒತ್ತಡದಿಂದ ಗಂಟಲು ಮುಚ್ಚದಂತೆ ಹಿಡಿಯುತ್ತದೆ. 1981ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲಿವನ್ ತಂಡ ಇದನ್ನು ವರದಿ ಮಾಡಿತು. ಮಾಸ್ಕ್ ನೋಡಿ ಇವರ ಮುಖ ಬಾಡಿತು. "ಇದನ್ನ ಕಟ್ಟಿಕೊಂಡು ಹೆಂಡತಿ ಪಕ್ಕ ಹೆಂಗೆ ಸಾರ್?"

"ಈಗ ಅವರು ಎಲ್ಲಿ ಮಲಗ್ತಾರೆ?"

"ಹಾಲ್‌ನಲ್ಲಿ."

ಇಬ್ಬರೂ ನಕ್ಕೆವು. ನಿದ್ದೆ ಬರುವ ಹೊತ್ತಿಗೆ ಹಾಕಿದರೆ ಸಾಕಲ್ವಾ ಅಂದೆ.

ಸುಮ್ನೆ ಆಸೆ ಹುಟ್ಟಿಸಲಿಲ್ಲ. ಮಾಸ್ಕ್ ಬಿಡದೆ ಬಳಸಿದ ಹಲವರಿಗೆ ಕೆಲವು ತಿಂಗಳಲ್ಲಿ ನಿಮಿರುವಿಕೆ ಸುಧಾರಿಸುತ್ತದೆ, ಎಲ್ಲರಿಗೂ ಅಲ್ಲ. ಟೆಸ್ಟೋಸ್ಟೆರಾನ್ ಮಾತ್ರ ಮಾಸ್ಕ್ ಒಂದರಿಂದಲೇ ಅಷ್ಟೇನೂ ಏರುವುದಿಲ್ಲ. ಅದಕ್ಕೆ ಹೊಟ್ಟೆ ಕರಗಬೇಕು. ಇವರಿಗೆ ಸಕ್ಕರೆ ಕಾಯಿಲೆಯೂ ಇದೆ, ಅದರ ಪಾಲನ್ನು ಡಾಕ್ಟರೇ ಬೇರೆಯಾಗಿ ನೋಡಬೇಕು.

ಹೊರಡುವಾಗ, "ಆ ವಿಷಯ ನೀವೇ ಒಂದು ಸಾಲು ಬರೆದುಬಿಡಿ ಸಾರ್, ನಂಗೆ ಹೇಳೋಕಾಗಲ್ಲ" ಅಂದರು. ರಿಪೋರ್ಟಿನ ಜೊತೆ ಚೀಟಿ ಲಗತ್ತಿಸಿದೆ. ಡಾಕ್ಟರು ಸೋಮವಾರ ನೋಡುತ್ತಾರೆ. ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ.