ಡಿಸಿ ರಜೆಯಲ್ಲಿ ಓದಿದ ಇಂಗ್ಲಿಷ್ ಗ್ರಾಮರ್

ಮೊನ್ನೆ ಮಳೆಯ ರೆಡ್ ಅಲರ್ಟ್ ಅಂತ ಡಿಸಿ ಶಾಲೆಗೆಲ್ಲ ರಜೆ ಕೊಟ್ಟಿದ್ರು. ಉಡುಪಿ ಹತ್ತಿರ ಕೆಮ್ಮಣ್ಣು ಊರಿನ ನಮ್ಮ ಮನೆಯಲ್ಲಿ ಬೆಳಿಗ್ಗೆಯಿಂದ್ಲೇ ಕರೆಂಟಿಲ್ಲ. ಒಂಬತ್ತನೇ ಕ್ಲಾಸಿನ ಅಣ್ಣನ ಮಗಳು ಚಾವಡಿಯಲ್ಲಿ ಇಂಗ್ಲಿಷ್ ಗ್ರಾಮರ್ ಹಿಡ್ಕೊಂಡು ಕೂತಿದ್ಳು, ನಾನೂ ಈ ಸಲ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬರೀಲಿಕ್ಕೆ ಹೊರಟವಳು, ಡಿಗ್ರಿ ಮುಗಿದು ಹನ್ನೆರಡು ವರ್ಷ ಆಯ್ತು, ನನಗೂ ಎಲ್ಲ ಮೊದಲಿಂದ ನೋಡ್ಬೇಕಿತ್ತು, ಹಾಗೆ ಇಬ್ಬರೂ ಒಟ್ಟಿಗೆ ಕೂತೆವು.

ನೌನು, ವರ್ಬು ಬೇಗ ಮುಗೀತು. ಪ್ರಿಪೊಸಿಷನ್ ಬಂದಾಗ ಅವಳು "ಅತ್ತೆ, ಇದಕ್ಕೆ ಈ ಹೆಸರು ಯಾಕೆ?" ಅಂತ ಕೇಳಿದ್ಳು. ನಾವು ಡೆಫಿನಿಷನ್ ಬಾಯಿಪಾಠ ಮಾಡಿದ್ದೇ ಹೊರತು ಹೆಸರನ್ನು ಬಿಡಿಸಿ ನೋಡಿದವರಲ್ಲ. ಪುಸ್ತಕದ ಹಿಂದೆ ವರ್ಡ್ ರೂಟ್ಸ್ ಪಟ್ಟಿ ಇತ್ತು. ಪ್ರಿ ಅಂದ್ರೆ ಮುಂಚೆ, ಪೊಸಿಷನ್ ಅಂದ್ರೆ ಜಾಗ. ನೌನಿಗಿಂತ ಮುಂಚೆ ಕೂರುವಂಥದ್ದು ಅಷ್ಟೇ! 'ಆನ್ ದ ಟೇಬಲ್' ಅಂತಾರೆ ಅವರು, ನಮ್ಮಲ್ಲಿ 'ಮೇಜಿನ ಮೇಲೆ', ತುಳುವಿನಲ್ಲೂ 'ಮೇಜಿದ ಮಿತ್ತ್', ಮೇಲೆ ಅನ್ನೋದು ನಮಗೆ ಹಿಂದಿನಿಂದ ಬರ್ತದೆ. ನಮ್ಮ ಮಕ್ಕಳು ಯಾಕೆ ಅಲ್ಲಿ ತಪ್ತಾರೆ ಅಂತ ನನಗೆ ಆವತ್ತು ಸರಿಯಾಗಿ ಗೊತ್ತಾಯ್ತು.

ಆಮೇಲೆ ಬಿಡ್ಲಿಕ್ಕೇ ಮನಸ್ಸಾಗ್ಲಿಲ್ಲ. ಪ್ರೊನೌನ್‌ನಲ್ಲಿ ಪ್ರೊ ಅಂದ್ರೆ ಬದಲಿಗೆ. ಕಂಜಂಕ್ಷನ್ ಅಂದ್ರೆ ಒಟ್ಟಿಗೆ ಸೇರಿಸೋದು, "ಹಾಗಾದ್ರೆ ಸಂತೆಕಟ್ಟೆ ಜಂಕ್ಷನ್ನೂ ಅದೇ ಅಲ್ವಾ ಅತ್ತೆ, ರೋಡು ಸೇರುವ ಜಾಗ" ಅಂದ್ಳು, ಹೌದು ಅದೇ ಬೇರು, ನಮ್ಮ 'ಯೋಗ' ಶಬ್ದವೂ ದೂರದ ಸಂಬಂಧಿಯೇ. ನೌನು ಬಂದದ್ದು ಲ್ಯಾಟಿನ್‌ನ ನೋಮೆನ್‌ನಿಂದ, ಅದಕ್ಕೂ ಸಂಸ್ಕೃತದ ನಾಮಕ್ಕೂ ಮೂಲ ಒಂದೇ, ಹಾಗಾಗಿ ನಾಮಪದ ಕಲಿತವರಿಗೆ ಅರ್ಧ ಬಂದ ಹಾಗೇ.

ಎ, ಆ್ಯನ್ ಮಾತ್ರ ಸ್ವಲ್ಪ ಹೊತ್ತು ತಕೊಂಡಿತು. 'ಆ್ಯನ್ ಅವರ್', 'ಎ ಯೂನಿವರ್ಸಿಟಿ', ಅಕ್ಷರ ನೋಡಿದ್ರೆ ಉಲ್ಟಾ ಕಾಣ್ತದೆ, ಕಿವಿಯಲ್ಲಿ ಕೇಳ್ಬೇಕು.

ಮಧ್ಯಾಹ್ನ ಗಂಜಿ ಉಂಡು ಫಿಗರ್ಸ್ ಆಫ್ ಸ್ಪೀಚ್ ತೆಗೆದೆವು. ಸಿಮಿಲಿ, ಮೆಟಾಫರ್ ಎರಡೂ ಅವಳಿಗೆ ಯಾವಾಗ್ಲೂ ಅದಲುಬದಲು. ಉಡುಪಿ ಕೃಷ್ಣಾಷ್ಟಮಿಯ ವಿಟ್ಲಪಿಂಡಿಯ ಹುಲಿವೇಷ ನೆನಪು ಮಾಡ್ದೆ. "ಅವ ಹುಲಿಯ ಹಾಗೆ ಕುಣಿದ" ಅಂದ್ರೆ ಸಿಮಿಲಿ, ನಮ್ಮ ಉಪಮೆ. "ರಥಬೀದಿಯಲ್ಲಿ ಆವತ್ತು ಅವ ಹುಲಿಯೇ" ಅಂದ್ರೆ ಮೆಟಾಫರ್, ರೂಪಕ. ಮೆಟಾಫರ್ ಗ್ರೀಕ್ ಶಬ್ದ, ಆಚೆ ಕೊಂಡುಹೋಗೋದು ಅಂತ ಅರ್ಥ. ಹೊಳೆ ನಡುವಿನ ತಿಮ್ಮಣ್ಣಕುದ್ರುವಿಗೆ ತೂಗುಸೇತುವೆ ಆಗುವ ಮುಂಚೆ ಜನ ಸಾಮಾನೆಲ್ಲ ದೋಣಿಗೆ ಹಾಕಿ ಹೊಳೆ ದಾಟಿಸ್ತಿದ್ರಲ್ಲ, ಹಾಗೆ ಹುಲಿಯ ಗುಣವನ್ನು ಎತ್ತಿ ಮನುಷ್ಯನ ದಡಕ್ಕೆ ದಾಟಿಸೋದು ಅಂತ ಹೇಳಿದೆ. ಅವಳು ಅದನ್ನು ಹಾಗೇ ಬರ್ಕೊಂಡ್ಳು, ಮಾರ್ಜಿನ್‌ನಲ್ಲಿ ದೋಣಿಯೊಂದರ ಚಿತ್ರವೂ ಬಂತು. ನನಗೆ ಎಷ್ಟು ಖುಷಿ ಆಯ್ತು ಗೊತ್ತುಂಟಾ.

ಕೊನೆಗೆ ಹೈಪರ್‌ಬೊಲಿ. ಹೈಪರ್ ಅಂದ್ರೆ ಮೀರಿ, ಉಳಿದದ್ದು ಎಸೆಯೋದು, ಗುರಿ ದಾಟಿ ಎಸೆದ ಮಾತು. ಒಂದು ಉದಾಹರಣೆ ಹೇಳು ಅಂದೆ. ಅವಳು ಮಾಡಿನ ಕಡೆ ನೋಡಿ "ಇಡೀ ಅರಬ್ಬಿ ಸಮುದ್ರ ನಮ್ಮ ಹಂಚಿನ ಮೇಲೆ ಸುರೀತಾ ಉಂಟು" ಅಂದ್ಳು. ಅದನ್ನು ಇಂಗ್ಲಿಷಲ್ಲಿ ಬರಿ ಅಂತ ಹೇಳುವಷ್ಟರಲ್ಲಿ ಅಮ್ಮ ಒಳಗಿಂದ "ಇಲ್ಲಿ ಸೋರ್ತಾ ಉಂಟು, ಯಾರಾದ್ರೂ ಒಂದು ಬಾಲ್ದಿ ತನ್ನಿ" ಅಂತ ಕರೆದ್ರು.